ಯಂತ್ರ ಎಳೆಯದ ದಿನ: ಮರಾಠವಾಡದ ಗಡಿಪಟ್ಟಣಗಳಲ್ಲಿ ಸಕ್ಷನ್ ಗಾಡಿಯ ಕೆಲಸ

ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಯಂತ್ರದಿಂದ ಎತ್ತುವ ವ್ಯವಸ್ಥೆ ಬಂದ ಮೇಲೆ ಮನುಷ್ಯ ಗುಂಡಿಗೆ ಇಳಿಯುವುದು ನಿಂತಿತೆಂಬ ನಂಬಿಕೆ ನಗರ ಪರಿಷತ್ತುಗಳ ಕಡತಗಳಲ್ಲಿಯೂ ಮನೆ ಮಾಲೀಕರ ಮನಸ್ಸಿನಲ್ಲಿಯೂ ಬಲವಾಗಿ ಕುಳಿತಿದೆ. ಉಮರಗಾ, ನಿಲಂಗಾ, ಉದಗೀರ ಈ ಮೂರು ಪಟ್ಟಣಗಳಲ್ಲಿ ಅಂಥ ಯಂತ್ರವನ್ನು ನಡೆಸಿ, ಕೆಟ್ಟಾಗ ಬಿಚ್ಚಿ ಜೋಡಿಸಿ ಸಂಸಾರ ಸಾಗಿಸಿದ ಈ ಲೇಖಕನ ಅನುಭವ ಆ ನಂಬಿಕೆಯನ್ನು ಒಪ್ಪುವುದಿಲ್ಲ. ಊರಿಗೊಂದು ಗಾಡಿ ಇರುವುದು ಒಂದು ಮಾತು, ಆ ಗಾಡಿಯ ಪಂಪು ಪೂರ್ಣ ಬಲದಿಂದ ಎಳೆಯುವ ಸ್ಥಿತಿಯಲ್ಲಿರುವುದು ಇನ್ನೊಂದು ಮಾತು. ಪಂಪು ಎಳೆಯದೆ ಹೋದ ದಿನ ಗಾಡಿಯ ಜತೆಗೆ ಬಂದ ಸಹಾಯಕ ಹುಡುಗನನ್ನೇ ಗುಂಡಿಗೆ ಇಳಿಸಲಾಗುತ್ತದೆ, ಮತ್ತು ದಾಖಲೆಯಲ್ಲಿ ಮಾತ್ರ ಕೆಲಸ ಯಂತ್ರದಿಂದಲೇ ಆಯಿತೆಂದು ಬರೆಯಲಾಗುತ್ತದೆ.

ಈ ಮೂರು ಪಟ್ಟಣಗಳ ನೆಲವೇ ಕೆಲಸವನ್ನು ಕಠಿಣಗೊಳಿಸುತ್ತದೆ. ಕಪ್ಪುಶಿಲೆಯ ಮೇಲೆ ಕೂತ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರನ್ನು ಹೀರುವುದನ್ನು ನಿಲ್ಲಿಸುವುದರಿಂದ, ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲಕ್ಕೆ ಇಂಗಿಸುವ ಗುಂಡಿ, ಅಂದರೆ ಈ ಭಾಗದ ಜನ ಶೋಷಖಡ್ಡಾ ಎಂದು ಕರೆಯುವುದು, ಆಷಾಢ ಶ್ರಾವಣದಲ್ಲಿ ತುಂಬಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದೇ ಹೂಳು ನೀರಾರಿ ಗಟ್ಟಿಯಾಗುತ್ತದೆ. 2016ರ ಬರಗಾಲದಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಗಿ ಬಂದಿತ್ತು. ಅಂಥ ಬೇಸಿಗೆಯಲ್ಲಿ ಹೂಳನ್ನು ಸಡಿಲಿಸಲು ಯಾವ ಮನೆಯವರೂ ಒಂದು ಕೊಡ ನೀರನ್ನೂ ಕೊಡಲಾರರು. ಓಣಿಗಳ ಅಗಲವೂ ಲೆಕ್ಕಕ್ಕೆ ಬರುತ್ತದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಉಮರಗಾ ಮತ್ತು ಔಸಾ ಭಾಗದಲ್ಲಿ ಹೊಸ ಜಾಗದಲ್ಲಿ ಕಟ್ಟಿಸಿಕೊಟ್ಟ ಊರುಗಳ ರಸ್ತೆಗಳು ಅಗಲವಾಗಿದ್ದು, ಗಾಡಿ ಮನೆಯ ಬಾಗಿಲವರೆಗೂ ಹೋಗುತ್ತದೆ. ಉದಗೀರದ ಕೋಟೆಯ ಕಡೆಯ ಹಳೆಯ ಓಣಿಗಳಲ್ಲಾದರೆ ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ನಿಲ್ಲಿಸಿ, ಪೈಪಿಗೆ ಪೈಪು ಜೋಡಿಸುತ್ತ ಒಳಗೆ ಹೋಗಬೇಕಾಗುತ್ತದೆ.

ಭಾಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಇಂದಿಗೂ ಭಾಲ್ಕಿ, ಕಮಲನಗರ, ಬಸವಕಲ್ಯಾಣದ ಕಡೆಯಿಂದ ದಿನಗೂಲಿಗೆ ಬರುವ ಹುಡುಗರು ಮನೆಯಲ್ಲಿ ಕನ್ನಡ, ಮುಕಾದಮನ ಎದುರು ಮರಾಠಿ ಆಡುತ್ತಾರೆ. ಮುಕಾದಮ ಎಂದರೆ ನಗರ ಪರಿಷತ್ತಿನ ಅಥವಾ ಗುತ್ತೇದಾರನ ಪರವಾಗಿ ಸಫಾಯಿ ಕೆಲಸಗಾರರನ್ನು ಹಚ್ಚಿ ಕೆಲಸ ಮಾಡಿಸುವವನು. ಪಂಪಿನ ಮೇಲಿನ ತಗಡಿನಲ್ಲಿ ಅಪಾಯದ ಸೂಚನೆಗಳಿರುವುದು ಇಂಗ್ಲಿಷಿನಲ್ಲಿ. ಯಂತ್ರದ ಪಕ್ಕದಲ್ಲಿ ನಿಂತು ದುಡಿಯುವವನಿಗೆ ಆ ಮೂರು ಭಾಷೆಗಳಲ್ಲಿ ಯಾವುದರಲ್ಲಿಯೂ ಯಾರೂ ಕೂತು ಯಂತ್ರವನ್ನು ವಿವರಿಸಿದ ಉದಾಹರಣೆ ಈ ಲೇಖಕನ ಕಣ್ಣಿಗೆ ಬಿದ್ದಿಲ್ಲ.

ಯಂತ್ರದ ತತ್ತ್ವ ಸರಳವಾದುದು. ಗಾಡಿಯ ಎಂಜಿನ್ನಿನಿಂದಲೇ ಶಕ್ತಿ ಪಡೆದು ತಿರುಗುವ ಪಂಪು ಗಾಡಿಯ ಲೋಹದ ಟಾಕಿಯೊಳಗಿನ ಗಾಳಿಯನ್ನು ಹೊರಗೆಳೆದು ಅಲ್ಲಿ ನಿರ್ವಾತವನ್ನು ಉಂಟುಮಾಡುತ್ತದೆ. ಹೊರಗಿನ ವಾಯುಭಾರವು ಗುಂಡಿಯಲ್ಲಿರುವ ಹೂಳನ್ನು ಪೈಪಿನೊಳಗೆ ಒತ್ತಿ ಟಾಕಿಗೆ ತಳ್ಳುತ್ತದೆ. ಎಳೆಯುವಂತೆ ಕಾಣುವ ಈ ಕ್ರಿಯೆಯಲ್ಲಿ ನಿಜವಾಗಿ ದುಡಿಯುವುದು ವಾತಾವರಣದ ಒತ್ತಡವಾದ್ದರಿಂದ ಅದಕ್ಕೆ ನಿಸರ್ಗವೇ ಹಾಕಿದ ಮಿತಿಯೊಂದಿದೆ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ವಾಯುಭಾರ, ಸುಮಾರು 600 ಮೀಟರ್ ಎತ್ತರದ ಈ ಪ್ರದೇಶದಲ್ಲಿ 705ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ಅತ್ಯುತ್ತಮ ಪಂಪು ಕೂಡ ಶುದ್ಧ ನೀರನ್ನು ಒಂಬತ್ತೂವರೆ ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಏರಿಸಲಾರದು, ಮಂದವಾದ ಹೂಳಿನ ವಿಷಯದಲ್ಲಿ ಆರೇಳು ಮೀಟರ್ ಸಿಕ್ಕರೆ ಅದೇ ಹೆಚ್ಚು. ಇಷ್ಟು ಇಕ್ಕಟ್ಟಾದ ಮಿತಿಯೊಳಗೆ ದುಡಿಯುವ ಯಂತ್ರದಲ್ಲಿ ಎಲ್ಲಾದರೊಂದು ಕಡೆ ಗಾಳಿ ಸೋರಿದರೂ ಹೂಳು ಮೇಲೇರುವುದಿಲ್ಲ.

ಸೋರುವ ಜಾಗಗಳು ಹಲವು. ಪಂಪಿನ ಒಳಗೆ, ತಿರುಗುವ ಉರುಳೆಯ ಸೀಳುಗಳಲ್ಲಿ ಜಾರುತ್ತ ಹೊರಗೋಡೆಗೆ ತಾಗಿ ಗಾಳಿಯನ್ನು ನೂಕುವ ತೆಳುಪಟ್ಟಿಗಳಿರುತ್ತವೆ. ಇವುಗಳಿಗೆ ಮೆಕ್ಯಾನಿಕ್ಕುಗಳು ವೇನ್ ಎನ್ನುತ್ತಾರೆ. ಇವುಗಳ ಮೇಲೆ ಹನಿಹನಿಯಾಗಿ ಎಣ್ಣೆ ಬೀಳುತ್ತಿರಬೇಕು. ಎಣ್ಣೆ ನಿಂತರೆ ವೇನ್ ಸವೆದು, ಕಾದು, ಕೊನೆಗೆ ಮುರಿದು ಗೋಡೆಯನ್ನು ಗೀರುತ್ತದೆ. ಟಾಕಿಗೂ ಪಂಪಿಗೂ ನಡುವೆ ತೇವವನ್ನು ಹಿಡಿದಿಡುವ ಸಣ್ಣ ಡಬ್ಬಿಯೊಂದಿರುತ್ತದೆ, ಟಾಕಿಯ ನೆತ್ತಿಯಲ್ಲಿ ಹೂಳು ತುಂಬಿದಾಗ ಮೇಲೆದ್ದು ದಾರಿಯನ್ನು ಮುಚ್ಚುವ ಚೆಂಡೊಂದಿರುತ್ತದೆ. ಡಬ್ಬಿಯ ನೀರನ್ನು ದಿನವೂ ಹೊರಬಿಡದಿದ್ದರೆ, ಚೆಂಡು ಕೂರುವ ಜಾಗವನ್ನು ತೊಳೆಯದಿದ್ದರೆ, ಮೈಲಿಗೆ ನೀರು ನೇರವಾಗಿ ಪಂಪಿಗೆ ನುಗ್ಗಿ ಎಣ್ಣೆಯೊಂದಿಗೆ ಕಲಸಿಹೋಗುತ್ತದೆ. ಪೈಪುಗಳನ್ನು ಜೋಡಿಸುವ ಕೊಂಡಿಗಳಲ್ಲಿ ರಬ್ಬರ್ ವಾಷರ್ ಇರುತ್ತದೆ. ಬೆಲೆಯ ದೃಷ್ಟಿಯಿಂದ ಇಡೀ ಗಾಡಿಯಲ್ಲಿ ಅತ್ಯಂತ ಕ್ಷುಲ್ಲಕವಾದ ವಸ್ತು ಈ ವಾಷರ್. ಮನುಷ್ಯನನ್ನು ಗುಂಡಿಗೆ ಇಳಿಸುವ ಪ್ರಸಂಗಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಅನೇಕ ಬಾರಿ ಕೊನೆಗೆ ಸಿಗುವುದು ಇದೇ ಒಣಗಿ ಬಿರಿದ ವಾಷರ್.

ಇವೆಲ್ಲಕ್ಕೂ ಸಾಕ್ಷಿಯಾಗಿ ಟಾಕಿಯ ಪಕ್ಕದಲ್ಲಿ ನಿರ್ವಾತವನ್ನು ಅಳೆಯುವ ಮಾಪಕವೊಂದಿದೆ. ಪೈಪಿನ ಬಾಯಿ ಮುಚ್ಚಿ ಪಂಪು ಓಡಿಸಿದಾಗ ಅದರ ಮುಳ್ಳು 500 ಮಿಲಿಮೀಟರ್ ದಾಟಿ ನಿಂತು, ಎಂಜಿನ್ ನಿಲ್ಲಿಸಿದ ಮೇಲೂ ಬೇಗ ಬೀಳದಿದ್ದರೆ ಗಾಡಿ ಆರೋಗ್ಯವಾಗಿದೆ ಎಂದು ತಿಳಿಯಬಹುದು. ಬೆಳಗ್ಗೆ ಗಾಡಿ ಹೊರಡುವ ಮೊದಲು ಮಾಡಬೇಕಾದ ಈ ಪರೀಕ್ಷೆಗೆ ತಗಲುವ ಹೊತ್ತು ಒಂದು ಚಹಾ ಕುಡಿಯುವಷ್ಟು. ಗುತ್ತೇದಾರರು ಇದನ್ನು ಕಾಲಹರಣವೆಂದು ಎಣಿಸುತ್ತಾರೆ, ಏಕೆಂದರೆ ಅವರಿಗೆ ಹಣ ಬರುವುದು ಖಾಲಿ ಮಾಡಿದ ಗುಂಡಿಗಳ ಲೆಕ್ಕದಲ್ಲಿ. ಎಣ್ಣೆ, ವೇನ್, ವಾಷರ್ ಎಲ್ಲವೂ ಅವರ ಜೇಬಿನಿಂದಲೇ ಹೋಗಬೇಕು. ಗಾಡಿ ಖರೀದಿಗೆ ಅನುದಾನ ಬರುತ್ತದೆ, ಉದ್ಘಾಟನೆಗೆ ಹಾರ ಬರುತ್ತದೆ; ಎರಡನೆಯ ವರ್ಷದ ದುರಸ್ತಿಗೆ ಮಾತ್ರ ಪ್ರತ್ಯೇಕ ಹಣವೆಂಬುದು ಈ ಲೇಖಕ ದುಡಿದ ಕಡೆ ಇರಲಿಲ್ಲ. ಯಂತ್ರವನ್ನು ಬಲ್ಲವನು ವಾಷರ್ ಕೇಳಿದರೆ ಅವನಿಗೆ ಹಟಮಾರಿ ಎಂಬ ಹೆಸರು ಬರುತ್ತದೆ.

ಹೀಗೆ ಕೇಳಿ ಕೇಳಿ ಸಿಗದೇ ಹೋದ ವಾಷರ್‌ಗಳ ಫಲವಾಗಿ ಒಂದು ಬೇಸಿಗೆಯ ಮಧ್ಯಾಹ್ನ ಉದಗೀರದ ಹಳೆಯ ಭಾಗದ ಓಣಿಯೊಂದರಲ್ಲಿ ನಡೆದುದನ್ನು ವಿವರವಾಗಿ ದಾಖಲಿಸುವುದು ಅಗತ್ಯ. ಮರುದಿನ ಆ ಮನೆಯಲ್ಲಿ ಲಗ್ನವಿತ್ತು. ಬೀಗರು ಬರುವವರಿದ್ದರು, ಸಂಡಾಸು ತುಂಬಿ ನಿಂತಿತ್ತು. ಟ್ಯಾಂಕು ಕಟ್ಟಿಸಿದಂದಿನಿಂದ ಅದನ್ನು ತೆರೆದೇ ಇರಲಿಲ್ಲವೆಂದು ಮನೆಯ ಹಿರಿಯರು ಹೆಮ್ಮೆಯಿಂದ ಹೇಳಿದರು. ಮೇಲೆ ಗಟ್ಟಿ ಕೆನೆ, ನಡುವೆ ನೀರು, ತಳದಲ್ಲಿ ಜೇಡಿಯಂತೆ ಅಂಟಿದ ಹೂಳು, ಅದರಲ್ಲಿ ಬಟ್ಟೆ, ಕೂದಲು, ಪ್ಲಾಸ್ಟಿಕ್. ಗಾಡಿ ರಸ್ತೆಯಲ್ಲಿತ್ತು. ಓಣಿಯ ತಿರುವುಗಳಲ್ಲಿ ಪೈಪುಗಳು ಒಂದಕ್ಕೊಂದು ಕೂಡಿ ಹಿತ್ತಲಿಗೆ ಹೋಗಿದ್ದವು. ನೀರಿನ ಭಾಗ ಹೇಗೋ ಬಂದಿತು, ಆಮೇಲೆ ನಿಂತಿತು. ಮಾಪಕದ ಮುಳ್ಳು 250ರ ಹತ್ತಿರ ನಡುಗುತ್ತಿತ್ತು, ಪ್ರತಿ ಕೊಂಡಿಯಲ್ಲಿಯೂ ಗಾಳಿ ಸುಂಯ್ ಎನ್ನುತ್ತಿತ್ತು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಕೊಂಡಿಗಳಿಗೆ ಬಿಗಿಯುವ ಕೆಲಸದಲ್ಲಿ ಈ ಲೇಖಕ ರಸ್ತೆಯ ಕಡೆ ತೊಡಗಿದ್ದಾಗ, ಹಿತ್ತಲಿನಲ್ಲಿದ್ದ ಮುಕಾದಮನು ಸಹಾಯಕ ಹುಡುಗನಿಗೆ, "ಒಳಗ ಇಳದು ಸಳಿಯಿಂದ ಒಂದೀಟು ಕಲಸು, ಪೈಪಿನ ಬಾಯಿ ಬಿಡಸು, ಐದು ಮಿನಿಟಿನ ಕೆಲಸ" ಎಂದು ಹೇಳಿ ಏಣಿ ಇಳಿಬಿಟ್ಟನು.

ಹುಡುಗ ಇಳಿದನು. ಗಾಡಿ ಎಲ್ಲಿಗೆ ಹೋದರೂ ಗುಂಡಿಯ ಬಾಯಿಯ ಹತ್ತಿರ ನೂಲಿನ ದಪ್ಪ ಹಗ್ಗವೊಂದು ಇರಲೇಬೇಕು, ಬಗ್ಗಿ ನೋಡುವವನೂ ಅದನ್ನು ಕಂಕುಳ ಕೆಳಗೆ ಕಟ್ಟಿಕೊಂಡೇ ಬಗ್ಗಬೇಕು ಎಂಬ ನಿಯಮವನ್ನು ಈ ಲೇಖಕ ತನ್ನ ಗಾಡಿಯಲ್ಲಿ ಇಟ್ಟುಕೊಂಡಿದ್ದನು. ಅದಕ್ಕಾಗಿ ಮುಕಾದಮನಿಂದ ಹೆದರುಪುಕ್ಕಲ ಎಂಬ ಮಾತನ್ನೂ ಕೇಳಿದ್ದನು. ಹುಡುಗ ಆ ದಿನವೂ ಹಗ್ಗ ಕಟ್ಟಿಕೊಂಡಿದ್ದನು. ಕಬ್ಬಿಣದ ಸಳಿಯಿಂದ ಕೆನೆಯನ್ನು ಒಡೆದು ತಳದ ಹೂಳನ್ನು ಕೆದಕಿದಾಗ, ಅದರೊಳಗೆ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದ ಅನಿಲ ಒಮ್ಮೆಲೇ ಬಿಡುಗಡೆಯಾಯಿತು. ಈ ಲೇಖಕ ಹಿತ್ತಲಿಗೆ ಬಂದ ಗಳಿಗೆಯಲ್ಲಿ ಹುಡುಗನ ತಲೆ ಮತ್ತು ಒಂದು ಕೈ ಮಾತ್ರ ಕಾಣುತ್ತಿದ್ದವು. ಅವನು ಕೂಗಲಿಲ್ಲ, ಕೆಮ್ಮಲಿಲ್ಲ. ಏಣಿಯ ಮೆಟ್ಟಿಲನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಕಣ್ಣು ತೆರೆದೇ ಇದ್ದವು, ಮತ್ತು ಅವನು ಕೆಳಗೆ ಜಾರಿದನು. ಹಗ್ಗ ಸೆಟೆದು ನಿಂತಿತು.

ಮುಂದಿನ ಕೆಲವು ನಿಮಿಷಗಳಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಯಿತು. ಹಗ್ಗವನ್ನು ಎಳೆಯುವುದು ಒಂದು. ಒಳಗೆ ಹಾರಲು ಅಂಗಿ ಬಿಚ್ಚುತ್ತಿದ್ದ ಪಕ್ಕದ ಮನೆಯ ಯುವಕನನ್ನು ತಡೆಯುವುದು ಇನ್ನೊಂದು. "ಯಾರಾದ್ರೂ ಇಳೀರಿ, ಹುಡುಗ ಸಾಯ್ತಾನ" ಎಂದು ಮುಕಾದಮ ಕೂಗುತ್ತಿದ್ದನು. ಈ ಕೂಗೇ ಅತ್ಯಂತ ಅಪಾಯಕಾರಿಯಾದುದು: ಗುಂಡಿಯ ಸಾವುಗಳು ಮತ್ತೆ ಮತ್ತೆ ಜೋಡಿಯಾಗಿ, ಮೂರಾಗಿ ವರದಿಯಾಗುವುದಕ್ಕೆ ಮೊದಲು ಬಿದ್ದವನನ್ನು ಉಳಿಸಲು ಇಳಿದವರೇ ಕಾರಣ. ಈ ಲೇಖಕ ಆ ಯುವಕನ ಎದೆಗೆ ಭುಜ ಕೊಟ್ಟು ಹಿಂದಕ್ಕೆ ನೂಕಿ, ಇಳಿದರೆ ನೀನೂ ಹೋಗುತ್ತೀ, ಹಗ್ಗ ಹಿಡಿ ಎಂದು ಅವನ ಕೈಗೇ ಹಗ್ಗದ ತುದಿ ಕೊಟ್ಟನು. ಗುಂಡಿಯ ಬಾಯಿ ಇಕ್ಕಟ್ಟಾಗಿತ್ತು, ಹುಡುಗನ ಹೆಗಲು ಕಲ್ಲಿನ ಅಂಚಿಗೆ ಸಿಕ್ಕಿಕೊಂಡಿತು. ಹಗ್ಗವನ್ನು ಸ್ವಲ್ಪ ಸಡಿಲಿಸಿ, ಮೈ ಓರೆಯಾಗುವಂತೆ ತಿರುಗಿಸಿ, ಮತ್ತೆ ಎಳೆಯಬೇಕಾಯಿತು. ಸಡಿಲಿಸುವಾಗ ಅವನ ಗದ್ದ ಹೂಳಿಗೆ ತಾಗಿದುದು ಕಾಣಿಸಿತು. ಲಗ್ನದ ಚಪ್ಪರಕ್ಕೆಂದು ತಂದಿದ್ದ ಹೊಸ ಚಾಪೆಯ ಮೇಲೆ ಅವನನ್ನು ಮಲಗಿಸಿದಾಗ ಎದೆ ಏಳುತ್ತಿರಲಿಲ್ಲ. ಬಾಯಿ ಒರೆಸಿ, ಮಗ್ಗುಲಿಗೆ ಹೊರಳಿಸಿ ಬೆನ್ನು ಗುದ್ದಿದ ಮೇಲೆ ಗೊರಕೆಯಂಥ ಒಂದು ಉಸಿರು ಬಂದಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಅವನನ್ನು ಉಳಿಸಿದರು. ಕಣ್ಣುರಿ ಮತ್ತು ತಲೆನೋವು ಬಹಳ ಕಾಲ ಕಾಡಿದವು.

ಆ ಗುಂಡಿಯಲ್ಲಿ ಅವನನ್ನು ಕೆಡವಿದ್ದು ಹೈಡ್ರೋಜನ್ ಸಲ್ಫೈಡ್ ಎಂಬುದರಲ್ಲಿ ಸಂದೇಹವಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಗಾಳಿಗಿಂತ ಭಾರವಾದುದರಿಂದ ಗುಂಡಿಯಲ್ಲಿಯೇ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು 100 ಭಾಗದಷ್ಟಾದರೆ ಮೂಗಿನ ಗ್ರಹಣಶಕ್ತಿಯೇ ಸತ್ತು ವಾಸನೆ ತಿಳಿಯದಂತಾಗುತ್ತದೆ, 500 ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, 1000ದ ಹತ್ತಿರ ಒಂದೆರಡು ಉಸಿರಿನಲ್ಲೇ ಮನುಷ್ಯ ಕುಸಿಯುತ್ತಾನೆ. ವಾಸನೆ ಕಡಿಮೆಯಾಯಿತು, ಇನ್ನು ಇಳಿಯಬಹುದು ಎಂದು ಮುಕಾದಮರು ಹೇಳುವ ಮಾತು ಈ ಕಾರಣದಿಂದ ಕೊಲೆಗೆ ಸಮಾನವಾದುದು. ಗುಂಡಿಯೊಳಗೆ ಉರಿಯುವ ಕಾಗದವನ್ನೋ ಕಂದೀಲನ್ನೋ ಇಳಿಸಿ ನೋಡುವ ರೂಢಿಯೂ ತಪ್ಪು. ಅಲ್ಲಿ ಮೀಥೇನ್ ಎಂಬ ಇನ್ನೊಂದು ಅನಿಲವಿದ್ದು, ಅದು ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟಿರುವಾಗ ಕಿಡಿ ತಾಗಿದರೆ ಸಿಡಿಯುತ್ತದೆ.

ಘಟನೆಯ ನಂತರ ನಡೆದುದು ಘಟನೆಯಷ್ಟೇ ನೋವಿನದು. ಲಗ್ನದ ಮನೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗಾಡಿ ಹಿಂದಿರುಗಿಸಿದ ತಪ್ಪಿಗೆ ಗುತ್ತೇದಾರನು ಈ ಲೇಖಕನ ಕೂಲಿ ಹಿಡಿದನು. ಹುಡುಗ ಕುಡಿದಿದ್ದನು, ತಾನಾಗಿಯೇ ಇಳಿದನು ಎಂಬ ಸುಳ್ಳು ಓಣಿಯಲ್ಲಿ ಹರಡಿತು. ಈ ಲೇಖಕ ದೂರು ಬರೆಯಲು ಕೂತಾಗ, ಗುತ್ತೇದಾರನಿಗೆ ದೂರದ ಸಂಬಂಧಿಯಾದ ಸೋದರಮಾವನೇ ಮನೆಗೆ ಬಂದು, ಹುಡುಗ ಬದುಕಿದನಲ್ಲ, ಇನ್ನು ಯಾಕೆ ಊರಲ್ಲಿ ವೈರ ಎಂದು ಕಾಗದವನ್ನು ಮಡಚಿಸಿದನು. ಸಂಬಂಧಿಕರ ಈ ಬಗೆಯ ಹಿತವಚನವೇ ಗುತ್ತೇದಾರರ ದೊಡ್ಡ ಬೆಂಬಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಆ ದೂರು ಅಂದೇ ಹೋಗಿದ್ದರೆ ವಾಷರ್ ಮರುದಿನವೇ ಬರುತ್ತಿತ್ತು.

ಕಾನೂನಿನ ಬಲವೇನೋ ಇದ್ದೇ ಇದೆ. 2013ರ ಡಿಸೆಂಬರ್ 6ರಿಂದ ಜಾರಿಯಲ್ಲಿರುವ ಮಲ ಬಾಚುವ ವೃತ್ತಿಯ ನಿಷೇಧ ಕಾಯ್ದೆಯ 7ನೆಯ ಕಲಮು, ಸೆಪ್ಟಿಕ್ ಟ್ಯಾಂಕು ಅಥವಾ ಒಳಚರಂಡಿಯ ಅಪಾಯಕಾರಿ ಸಫಾಯಿಗೆ ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಚ್ಚಬಾರದೆಂದು ಹೇಳುತ್ತದೆ. ಅಪಾಯಕಾರಿ ಸಫಾಯಿ ಎಂದರೆ ರಕ್ಷಣಾ ಸಾಧನಗಳನ್ನು ಕೊಡದೆ, ಎಚ್ಚರಿಕೆಯ ಕ್ರಮಗಳನ್ನು ಪಾಲಿಸದೆ ಕೈಯಿಂದ ಮಾಡಿಸುವ ಸಫಾಯಿ. ಮೊದಲ ಅಪರಾಧಕ್ಕೆ ಎರಡು ವರ್ಷಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರ ತೀರ್ಪಿನಲ್ಲಿ 10 ಲಕ್ಷವೆಂದು ನಿಗದಿಪಡಿಸಿ, 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 30 ಲಕ್ಷಕ್ಕೆ ಏರಿಸಿತು. ಮೊದಲ ತೀರ್ಪಿಗೆ ಕಾರಣವಾದ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದವರಲ್ಲಿ ಪ್ರಮುಖರಾದ ಬೆಜವಾಡ ವಿಲ್ಸನ್ ಕೋಲಾರದ ಚಿನ್ನದ ಗಣಿಯ ಊರಿನವರು. ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕು ಕೆಲಸಗಾರರನ್ನು ಗುರುತಿಸಲು ನಮಸ್ತೆ ಎಂಬ ಕೇಂದ್ರ ಯೋಜನೆಯಡಿ ನಡೆದ ಎಣಿಕೆಯ 2024ರ ಅಂಕಿಗಳ ಪ್ರಕಾರ ಅವರಲ್ಲಿ ಶೇಕಡ 92ರಷ್ಟು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಸೇರಿದವರು. ಮುಕಾದಮನ ಬಾಯಿಂದ ಇಳಿ ಎಂಬ ಮಾತು ಅಷ್ಟು ಸಲೀಸಾಗಿ ಬರುವುದಕ್ಕೆ ಏಣಿಯ ಎದುರು ನಿಂತವನ ಜಾತಿಯೂ ಒಂದು ಕಾರಣ; ಇದನ್ನು ಮುಚ್ಚಿಟ್ಟು ಯಂತ್ರದ ಬಗ್ಗೆ ಮಾತ್ರ ಬರೆಯುವುದು ಅಪ್ರಾಮಾಣಿಕವಾಗುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳಿವೆ. ಹೂಳು ಗಟ್ಟಿಯಾಗಿ ಪೈಪು ಎಳೆಯದಿದ್ದಾಗ, ಪಂಪಿನ ಗಾಳಿಯ ದಿಕ್ಕನ್ನು ಬದಲಿಸುವ ನಾಲ್ಕು ದಾರಿಯ ವಾಲ್ವನ್ನು ತಿರುಗಿಸಿ ಟಾಕಿಗೆ ಒತ್ತಡ ಕೊಟ್ಟು, ಆಗಲೇ ಎತ್ತಿದ ತೆಳು ನೀರಿನ ಒಂದು ಭಾಗವನ್ನು ಅದೇ ಪೈಪಿನಿಂದ ಗುಂಡಿಯ ತಳಕ್ಕೆ ಹಿಂದಿರುಗಿಸಿದರೆ ಹೂಳು ಕಲಕಿ ಸಡಿಲಾಗುತ್ತದೆ. ಮನುಷ್ಯ ಸಳಿ ಹಿಡಿದು ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಹೊಸ ನೀರೂ ಬೇಕಾಗುವುದಿಲ್ಲ. ಹಾಗೆ ಮಾಡುವಾಗ ಗುಂಡಿಯ ಬಾಯಿಯಿಂದ ಎಲ್ಲರೂ ದೂರ ನಿಲ್ಲಬೇಕು, ಬೀಡಿ ಹಚ್ಚಬಾರದು. ಸಂಜೆ ಕೆಲಸ ಮುಗಿದ ಮೇಲೆ ಪಂಪಿಗೆ ಸ್ವಲ್ಪ ಡೀಸೆಲ್ ಹೀರಿಸಿ, ಓಡಿಸಿ, ಹೊರಬಿಟ್ಟು, ಮತ್ತೆ ಎಣ್ಣೆ ಹಾಕಿ ನಿಲ್ಲಿಸಿದರೆ ವೇನ್‌ಗಳು ಸೀಳಿನಲ್ಲಿ ಅಂಟಿಕೊಳ್ಳುವುದಿಲ್ಲ. ವಾಷರ್‌ಗಳ ಒಂದು ಜೊತೆ ಕೂಲಿಯಲ್ಲಿ ಉಳಿಸಿದ ಹಣದಿಂದಲಾದರೂ ಜೇಬಿನಲ್ಲಿರಲಿ. ಎರೆಮಣ್ಣಿನ ನೆಲದಲ್ಲಿ ಮಳೆಗಾಲದಲ್ಲಿ ಟ್ಯಾಂಕನ್ನು ಪೂರ್ತಿ ಬರಿದು ಮಾಡಬಾರದು. ಹೊರಗಿನ ಒತ್ತಡಕ್ಕೆ ಗೋಡೆ ಬಿರಿಯಬಹುದು.

ಹೂಳು ಗಟ್ಟಿಯಾಗುವ ಮೊದಲೇ ತೆಗೆಯುವುದು ಎಲ್ಲಕ್ಕಿಂತ ಉತ್ತಮವಾದ ದಾರಿ. ಇದೇ ಮಹಾರಾಷ್ಟ್ರದ ವಾಯಿ ಮತ್ತು ಸಿನ್ನರ ಪಟ್ಟಣಗಳಲ್ಲಿ ಮೂರು ವರ್ಷಕ್ಕೊಮ್ಮೆ ಪಾಳಿಯ ಪ್ರಕಾರ ಪ್ರತಿ ಮನೆಯ ಟ್ಯಾಂಕನ್ನು ಖಾಲಿ ಮಾಡುವ ಪದ್ಧತಿ ಬಂದಿದೆ, ಎತ್ತಿದ ಹೂಳನ್ನು ಸಂಸ್ಕರಿಸುವ ಘಟಕಗಳೂ ಅಲ್ಲಿವೆ. ಕರ್ನಾಟಕದ ದೇವನಹಳ್ಳಿಯಲ್ಲಿ ಅಂಥ ಘಟಕ 2015ರಲ್ಲೇ ಆರಂಭವಾಗಿದೆ. ಮೂರು ವರ್ಷದ ಹೂಳು ಮೆದುವಾಗಿರುತ್ತದೆ, ಸಾಮಾನ್ಯ ಪಂಪಿಗೂ ಬರುತ್ತದೆ, ಏಣಿಯ ಮಾತೇ ಏಳುವುದಿಲ್ಲ.

ಉಮರಗಾ, ನಿಲಂಗಾ, ಉದಗೀರದ ಮನೆ ಮಾಲೀಕರಲ್ಲಿ ಈ ಲೇಖಕನ ಬೇಡಿಕೆ ಇಷ್ಟೇ: ಗಾಡಿ ಬಂದ ದಿನ ಮಾಪಕದ ಮುಳ್ಳನ್ನು ತೋರಿಸಲು ನಿರ್ವಾಹಕನಿಗೆ ಹೇಳಿರಿ, ಅದು ಏಳದಿದ್ದರೆ ಗಾಡಿಯನ್ನು ವಾಪಸು ಕಳಿಸಿರಿ, ಮತ್ತು ನಿಮ್ಮ ಹಿತ್ತಲಿನಲ್ಲಿ ಯಾರಾದರೂ ಏಣಿ ಇಳಿಬಿಟ್ಟರೆ ಅದನ್ನು ಎತ್ತಿ ಹೊರಗಿಟ್ಟು 14420 ಸಹಾಯವಾಣಿ ಸಂಖ್ಯೆಗೆ ಫೋನ್ ಮಾಡಿರಿ.